ಮಸ್ಟಾಂಗ್ ಜಿಟಿ500 ಎದುರು ಚಾಲೆಂಜರ್ ಹೆಲ್‌ಕ್ಯಾಟ್: 37 ಎಚ್‌ಪಿ ಹೆಚ್ಚಿದ್ದರೆ ಗೆಲುವು ಖಚಿತವೇ?

"797 ಎಚ್‌ಪಿ ಎದುರು 760 ಎಚ್‌ಪಿ! ಯಾರು ಗೆಲ್ತಾರೆ? ಕೊನೇವರೆಗೂ ನೋಡಿ" ಎಂಬಂಥ ತಲೆಬರಹದ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಎರಡು ಅಮೆರಿಕನ್ ಕಾರುಗಳು ಗುಡುಗಿನ ಸದ್ದು ಮಾಡುತ್ತಾ ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ಹಿಂಬದಿ ಚಕ್ರಗಳಿಂದ ಹೊಗೆ ಏಳುತ್ತದೆ, ಹತ್ತು ಹನ್ನೊಂದು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಕೆಳಗೆ ಕಾಮೆಂಟುಗಳಲ್ಲಿ ಜಗಳ ಶುರುವಾಗುತ್ತದೆ. ಒಂದು ಗುಂಪು ಫೋರ್ಡ್ ಕಡೆ, ಇನ್ನೊಂದು ಡಾಡ್ಜ್ ಕಡೆ.

ಕುತೂಹಲದ ಸಂಗತಿ ಏನೆಂದರೆ, ಇದೇ ಎರಡು ಕಾರುಗಳ ಒಂದು ವಿಡಿಯೊದಲ್ಲಿ 797 ಎಚ್‌ಪಿಯದು ಗೆದ್ದರೆ, ಇನ್ನೊಂದರಲ್ಲಿ 760 ಎಚ್‌ಪಿಯದು ಗೆಲ್ಲಬಹುದು. ಎರಡರಲ್ಲೂ ಮೋಸ ಇರಬೇಕಾಗಿಲ್ಲ. ಹಾಗೇಕೆ ಆಗುತ್ತದೆ, ಎಚ್‌ಪಿ ಎಂಬ ಒಂದು ಅಂಕಿ ನಮಗೆ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಈ ಲೆಕ್ಕ ಗೊತ್ತಾದರೆ ಮುಂದಿನ ಸಲ ಬೈಕಿನದೋ ಎಲೆಕ್ಟ್ರಿಕ್ ಕಾರಿನದೋ ಇಂಥ ಫಾರ್ವರ್ಡ್ ಬಂದಾಗಲೂ ಅಳೆದು ನೋಡಬಹುದು.

ಈ ಕಾರುಗಳು ಯಾವುವು?

ಅಮೆರಿಕದಲ್ಲಿ 1960ರ ದಶಕದಲ್ಲಿ ಒಂದು ಹೊಸ ಬಗೆಯ ಕಾರು ಜನಪ್ರಿಯವಾಯಿತು. ಸಾಧಾರಣ ಬೆಲೆ, ಎರಡು ಬಾಗಿಲು, ಮುಂದೆ ದೊಡ್ಡ ವಿ8 ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಇವಕ್ಕೆ ಮಸಲ್ ಕಾರು ಎಂಬ ಹೆಸರು ಬಂತು. ವಿ8 ಎಂದರೆ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಜೋಡಿಸಿರುವ ಎಂಜಿನ್. ಫೋರ್ಡ್ ಕಂಪನಿ 1964ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಮಸ್ಟಾಂಗ್ ಕಾರನ್ನು ಪರಿಚಯಿಸಿತು. ಡಾಡ್ಜ್ ಚಾಲೆಂಜರ್ ಬಂದದ್ದು 1970ರ ಮಾದರಿಯಾಗಿ. 1970ರ ದಶಕದ ಹೊಗೆ ನಿಯಂತ್ರಣ ಕಾನೂನುಗಳು, 1973ರ ತೈಲ ಬಿಕ್ಕಟ್ಟು, ಏರಿದ ವಿಮೆ ದರ ಇವೆಲ್ಲ ಸೇರಿ ಆ ಕಾಲದ ಮಸಲ್ ಕಾರುಗಳ ಅಬ್ಬರ ಇಳಿಯಿತು. ಹಳೆಯ ಚಹರೆಯನ್ನೇ ನೆನಪಿಸುವ ಹೊಸ ಮಸ್ಟಾಂಗ್ 2005ರ ಮಾದರಿಯಾಗಿ ಬಂತು. ಚಾಲೆಂಜರ್ 2008ರಲ್ಲಿ ಮರಳಿತು. ಪೈಪೋಟಿ ಮತ್ತೆ ಶುರುವಾಯಿತು.

ಆ ಪೈಪೋಟಿಯ ತುತ್ತತುದಿಯ ಎರಡು ಕಾರುಗಳನ್ನು ಇಲ್ಲಿ ಹೋಲಿಸುತ್ತಿದ್ದೇವೆ.

ಒಂದು, 2020ರ ಫೋರ್ಡ್ ಮಸ್ಟಾಂಗ್ ಶೆಲ್ಬಿ ಜಿಟಿ500. ಇದರಲ್ಲಿ 5.2 ಲೀಟರಿನ ವಿ8 ಎಂಜಿನ್, ಸೂಪರ್‌ಚಾರ್ಜರ್ ಸಹಿತ. 760 ಎಚ್‌ಪಿ, 847 ನ್ಯೂಟನ್ ಮೀಟರ್ ಟಾರ್ಕ್. ಹೆಸರಿನಲ್ಲಿರುವ ಶೆಲ್ಬಿ ಎಂದರೆ ರೇಸ್ ಚಾಲಕ ಮತ್ತು ಕಾರು ವಿನ್ಯಾಸಕ ಕ್ಯಾರೊಲ್ ಶೆಲ್ಬಿ. ಅವರ ಹೆಸರಿನ ಮೊದಲ ಜಿಟಿ500 ಬಂದದ್ದು 1967ರಲ್ಲಿ.

ಇನ್ನೊಂದು, ಡಾಡ್ಜ್ ಚಾಲೆಂಜರ್ ಎಸ್‌ಆರ್‌ಟಿ ಹೆಲ್‌ಕ್ಯಾಟ್ ರೆಡ್‌ಐ. ಇದರಲ್ಲಿ 6.2 ಲೀಟರಿನ ಹೆಮಿ ವಿ8 ಎಂಜಿನ್, ಇದಕ್ಕೂ ಸೂಪರ್‌ಚಾರ್ಜರ್. 797 ಎಚ್‌ಪಿ, ಸುಮಾರು 959 ನ್ಯೂಟನ್ ಮೀಟರ್ ಟಾರ್ಕ್. 2015ರಲ್ಲಿ ಬಂದ ಮೊದಲ ಹೆಲ್‌ಕ್ಯಾಟ್ 707 ಎಚ್‌ಪಿಯದು. ರೆಡ್‌ಐ ಅದರ ಇನ್ನೂ ಬಲಿಷ್ಠ ರೂಪ.

ಕಾಗದದ ಮೇಲೆ ಡಾಡ್ಜ್ 37 ಎಚ್‌ಪಿ ಮುಂದಿದೆ. ಟಾರ್ಕ್‌ನಲ್ಲೂ ಮುಂದಿದೆ. ಆದರೆ ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ಕಂಪನಿಗಳೇ ಹೇಳಿದ ಸಮಯ ನೋಡಿ: ಫೋರ್ಡ್ 3.3 ಸೆಕೆಂಡು, ಡಾಡ್ಜ್ 3.4 ಸೆಕೆಂಡು. ಕಡಿಮೆ ಎಚ್‌ಪಿಯ ಕಾರೇ ಕೂದಲೆಳೆಯಷ್ಟು ಮುಂದೆ! ಇದು ಹೇಗೆ?

ಎಚ್‌ಪಿ ಮತ್ತು ಟಾರ್ಕ್: ಹಮಾಲಿಯ ಲೆಕ್ಕ

ಟಾರ್ಕ್ ಎಂದರೆ ತಿರುಚುವ ಬಲ. ಬಿಗಿಯಾದ ನಟ್ ಬಿಚ್ಚಲು ಸ್ಪ್ಯಾನರಿನ ಮೇಲೆ ನೀವು ಹಾಕುವ ಬಲವೇ ಅದು. ಎಚ್‌ಪಿ ಎಂದರೆ ಕೆಲಸ ಮುಗಿಸುವ ವೇಗ. ಎಂಜಿನ್ ಎಷ್ಟು ಬಲದಿಂದ ತಿರುಚುತ್ತದೆ ಎಂಬುದನ್ನು ನಿಮಿಷಕ್ಕೆ ಎಷ್ಟು ಸಲ ಸುತ್ತುತ್ತದೆ ಎಂಬುದರಿಂದ ಗುಣಿಸಿದರೆ ಅದರ ಶಕ್ತಿ ಸಿಗುತ್ತದೆ.

ಲಾರಿಯಿಂದ ಮೂಟೆ ಇಳಿಸುವ ಇಬ್ಬರು ಹಮಾಲಿಗಳನ್ನು ನೆನೆಸಿಕೊಳ್ಳಿ. ಒಬ್ಬರು ಒಮ್ಮೆಗೆ 50 ಕೆ.ಜಿ. ಹೊತ್ತು ನಿಧಾನವಾಗಿ ನಡೆಯುತ್ತಾರೆ. ಇನ್ನೊಬ್ಬರು 40 ಕೆ.ಜಿ. ಹೊರುತ್ತಾರೆ, ಆದರೆ ಚುರುಕಾಗಿ ಓಡಾಡುತ್ತಾರೆ. ಒಮ್ಮೆಗೆ ಹೊರುವ ತೂಕ ಟಾರ್ಕ್ ಇದ್ದಂತೆ. ಗಂಟೆಯ ಕೊನೆಗೆ ಇಳಿಸಿದ ಒಟ್ಟು ಮೂಟೆಗಳ ತೂಕ ಎಚ್‌ಪಿ ಇದ್ದಂತೆ. ಒಟ್ಟು ಲೆಕ್ಕದಲ್ಲಿ ಇಬ್ಬರೂ ಹತ್ತಿರ ಹತ್ತಿರ ಇರಬಹುದು.

ನಮ್ಮ ಎರಡು ಕಾರುಗಳ ಕಥೆಯೂ ಇದೇ. ರೆಡ್‌ಐ ತನ್ನ ಗರಿಷ್ಠ ಶಕ್ತಿ ಕೊಡುವುದು 6,300 ಆರ್‌ಪಿಎಂನಲ್ಲಿ. ಆಗ ಅದರ ಟಾರ್ಕ್ ಸುಮಾರು 900 ನ್ಯೂಟನ್ ಮೀಟರ್. ಜಿಟಿ500 ತನ್ನ ಗರಿಷ್ಠ ಶಕ್ತಿ ಮುಟ್ಟುವುದು 7,300 ಆರ್‌ಪಿಎಂನಲ್ಲಿ. ಆಗ ಅದರ ಟಾರ್ಕ್ ಸುಮಾರು 740 ಮಾತ್ರ, ಆದರೆ ಅದು ಹೆಚ್ಚು ಜೋರಾಗಿ ಸುತ್ತುತ್ತಿರುತ್ತದೆ. ಡಾಡ್ಜ್ ಹೆಚ್ಚು ಹೊರುವ ಹಮಾಲಿ, ಫೋರ್ಡ್ ಹೆಚ್ಚು ಓಡುವ ಹಮಾಲಿ.

ಇಲ್ಲಿ ಒಂದು ಚಿಕ್ಕ ಎಚ್ಚರಿಕೆ. ಯುರೋಪಿನ ಮತ್ತು ನಮ್ಮ ದೇಶದ ಹಲವು ಕಂಪನಿಗಳು ಶಕ್ತಿಯನ್ನು 'ಪಿಎಸ್' ಎಂಬ ಮಾನದಲ್ಲಿ ಹೇಳುತ್ತವೆ. ಒಂದು ಪಿಎಸ್ ಸುಮಾರು 735.5 ವ್ಯಾಟ್, ಅಮೆರಿಕದ ಒಂದು ಎಚ್‌ಪಿ ಸುಮಾರು 745.7 ವ್ಯಾಟ್. ಹಾಗಾಗಿ 760 ಎಚ್‌ಪಿಯ ಕಾರೇ ಇನ್ನೊಂದು ಫಾರ್ವರ್ಡ್‌ನಲ್ಲಿ 771 ಪಿಎಸ್ ಆಗಿ ಕಾಣಿಸಿಕೊಳ್ಳುತ್ತದೆ. ಎಂಜಿನ್ ಬದಲಾಗಿರುವುದಿಲ್ಲ, ಅಳತೆಗೋಲು ಬದಲಾಗಿರುತ್ತದೆ.

ಸೂಪರ್‌ಚಾರ್ಜರ್ ಏನು ಮಾಡುತ್ತದೆ?

ಪೆಟ್ರೋಲ್ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಸಾಮಾನ್ಯ ಎಂಜಿನ್ ತಾನೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಎನ್ನುವುದು ಎಂಜಿನ್ನಿನ ಬೆಲ್ಟ್‌ನಿಂದಲೇ ತಿರುಗುವ ಪಂಪು. ಅದು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಟರ್ಬೊ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದನ್ನು ತಿರುಗಿಸುವುದು ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ. ಹೆಲ್‌ಕ್ಯಾಟ್ ವಿಡಿಯೊಗಳಲ್ಲಿ ಕೇಳುವ ಸೀಟಿಯಂಥ ಕೀರಲು ಸದ್ದು ಈ ಸೂಪರ್‌ಚಾರ್ಜರಿನದು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಬಿಸಿ ಗಾಳಿ ವಿರಳವಾಗಿರುತ್ತದೆ, ಎಂಜಿನ್ನಿಗೆ ಅಪಾಯವನ್ನೂ ತರುತ್ತದೆ. ಹಾಗಾಗಿ ಅದನ್ನು ತಂಪು ಮಾಡಲೇಬೇಕು. ರೆಡ್‌ಐ ಕಾರಿನಲ್ಲಿ ಇದಕ್ಕಾಗಿ ಕಾರಿನ ಎಸಿಯ ತಂಪನ್ನೂ ಬಳಸಿಕೊಳ್ಳುವ ಏರ್ಪಾಡಿದೆ. ಒಂದಾದ ಮೇಲೆ ಒಂದು ಓಟ ಓಡಿದಾಗ, ಅಥವಾ ಬೇಸಿಗೆಯ ಮಧ್ಯಾಹ್ನ ಓಡಿದಾಗ, ಎಂಜಿನ್ ಬಿಸಿಯಾಗಿ ಅದೇ ಕಾರು ಸ್ವಲ್ಪ ನಿಧಾನವಾಗುವುದು ಸಹಜ. ಒಂದು ವಿಡಿಯೊದಲ್ಲಿ ಗೆದ್ದ ಕಾರು ಇನ್ನೊಂದರಲ್ಲಿ ಸೋಲಲು ಇದು ಮೊದಲ ಕಾರಣ.

ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ

ಜಿಟಿ500 ಎಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂನದು. ರೆಡ್‌ಐ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಮೇಲಾಗಿ ಚಾಲೆಂಜರ್ ದೊಡ್ಡ ಕಾರು. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.95 ಮೀಟರ್, ಮಸ್ಟಾಂಗ್‌ನದು ಸುಮಾರು 2.72 ಮೀಟರ್. ಚಾಲೆಂಜರಿನಲ್ಲಿ ಐವರು ಕೂರಬಹುದು, ಮಸ್ಟಾಂಗ್‌ನಲ್ಲಿ ನಾಲ್ವರು, ಅದೂ ಹಿಂದಿನವರು ಮೊಣಕಾಲು ಮಡಚಿಕೊಂಡು.

ಇದರ ಫಲವಾಗಿ ಜಿಟಿ500 ಸುಮಾರು 1,890 ಕೆ.ಜಿ. ತೂಗಿದರೆ, ರೆಡ್‌ಐ ಸುಮಾರು 2,030 ಕೆ.ಜಿ. ತೂಗುತ್ತದೆ. ಈಗ ಎಚ್‌ಪಿಯನ್ನು ತೂಕದಿಂದ ಭಾಗಿಸಿ ನೋಡಿ:

ಜಿಟಿ500: ಪ್ರತಿ ಟನ್ನಿಗೆ ಸುಮಾರು 402 ಎಚ್‌ಪಿ.
ರೆಡ್‌ಐ: ಪ್ರತಿ ಟನ್ನಿಗೆ ಸುಮಾರು 393 ಎಚ್‌ಪಿ.

ತಲೆಬರಹದಲ್ಲಿ ಕಂಡ 37 ಎಚ್‌ಪಿಯ ಮುನ್ನಡೆ ತೂಕದ ಲೆಕ್ಕದಲ್ಲಿ ಕರಗಿಹೋಯಿತು. ಯಾವುದೇ ವಾಹನದ ಹೋಲಿಕೆಯಲ್ಲಿ ಬರೀ ಎಚ್‌ಪಿ ಹೇಳಿ ತೂಕ ಹೇಳದಿದ್ದರೆ ಅರ್ಧ ಮಾತು ನುಂಗಿದ್ದಾರೆ ಎಂದೇ ಅರ್ಥ.

ಕೊನೆಯ ತೀರ್ಮಾನ ಟೈರಿನದು

ಎಂಜಿನ್ ಎಷ್ಟೇ ಶಕ್ತಿ ಕೊಟ್ಟರೂ ಅದು ರಸ್ತೆ ಮುಟ್ಟುವುದು ಟೈರಿನ ಅಂಗೈಯಗಲದ ಜಾಗದ ಮೂಲಕ. ಈ ಎರಡೂ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುತ್ತದೆ. ಟೈರಿನ ಹಿಡಿತಕ್ಕಿಂತ ಹೆಚ್ಚು ಬಲ ಬಂದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ಸಿಕ್ಕ ಜೀಪಿನ ಚಕ್ರ ಸುತ್ತುವ ಹಾಗೆ. ಹೊಗೆ ಬರುತ್ತದೆ, ನೋಡಲು ಚೆನ್ನ, ಆದರೆ ಕಾರು ಮುಂದೆ ಹೋಗುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಒಳ್ಳೆಯ ಟೈರುಗಳಿರುವ ಇಂಥ ಕಾರು ನಿಂತಲ್ಲಿಂದ ಹೊರಡುವಾಗ ಗುರುತ್ವದ 0.7 ಪಟ್ಟು ವೇಗವೃದ್ಧಿ ಪಡೆಯಬಲ್ಲದು ಎಂದಿಟ್ಟುಕೊಳ್ಳಿ. ಅಂದರೆ ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ ಸುಮಾರು 25 ಕಿ.ಮೀ. ಹೆಚ್ಚುತ್ತದೆ. ಗೇರು, ಆಕ್ಸಲ್‌ಗಳಲ್ಲಿ ಶೇ 15ರಷ್ಟು ಶಕ್ತಿ ವ್ಯರ್ಥವಾಗುತ್ತದೆ ಎಂದೂ ಹಿಡಿಯೋಣ. ಚಾಲಕನನ್ನು ಸೇರಿಸಿ ತೂಕ ಲೆಕ್ಕ ಹಾಕಿದರೆ, ರೆಡ್‌ಐಗೆ ತನ್ನ ಪೂರ್ತಿ ಶಕ್ತಿಯನ್ನು ಬಳಸಲು ಸಾಧ್ಯವಾಗುವುದು ಗಂಟೆಗೆ ಸುಮಾರು 125 ಕಿ.ಮೀ. ದಾಟಿದ ಮೇಲೆ. ಜಿಟಿ500ಗೆ ಸುಮಾರು 127 ಕಿ.ಮೀ. ದಾಟಿದ ಮೇಲೆ. ಅದಕ್ಕಿಂತ ಕಡಿಮೆ ವೇಗದಲ್ಲಿ ಎರಡೂ ಕಾರುಗಳ ಎಂಜಿನ್ನಿಗೆ ಟೈರೇ ಕಡಿವಾಣ.

ಇದರ ಅರ್ಥ ಏನು? ನಿಂತಲ್ಲಿಂದ ನೂರರ ವೇಗ ಮುಟ್ಟುವ ಪಂದ್ಯವನ್ನು ಹೆಚ್ಚುಕಡಿಮೆ ಟೈರು, ರಸ್ತೆ ಮತ್ತು ಚಾಲಕನ ಬಲಗಾಲು ತೀರ್ಮಾನಿಸುತ್ತವೆ. ಅಲ್ಲಿ 760 ಮತ್ತು 797ರ ವ್ಯತ್ಯಾಸಕ್ಕೆ ಕೆಲಸವೇ ಇಲ್ಲ. ಆ ವೇಗ ದಾಟಿದ ಮೇಲಷ್ಟೇ ಎಚ್‌ಪಿ ತನ್ನ ಕೈಚಳಕ ತೋರಿಸುತ್ತದೆ.

ಟೈರಿನ ಬಿಸಿಯೂ ಮುಖ್ಯ. ಜಿಟಿ500ಗೆ ಬೇಕಾದರೆ ಕೊಡುತ್ತಿದ್ದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಟೈರು ಬಿಸಿಯಾದಾಗ ಅಂಟಿನಂತೆ ಹಿಡಿಯುತ್ತದೆ. ತಣ್ಣಗಿರುವಾಗ ಆ ಹಿಡಿತ ಬಹಳ ಕಡಿಮೆ. ಡ್ರ್ಯಾಗ್ ಓಟದ ಟ್ರ್ಯಾಕಿನಲ್ಲಿ ನೆಲಕ್ಕೆ ಅಂಟುವ ದ್ರಾವಣ ಸಿಂಪಡಿಸಿ ರಬ್ಬರ್ ಪದರ ಕೂರಿಸಿರುತ್ತಾರೆ. ಅಲ್ಲಿ ತೆಗೆದ ಸಮಯ ನಿಮ್ಮೂರಿನ ಹೆದ್ದಾರಿಯಲ್ಲಿ ಯಾವ ಕಾರಿಗೂ ಬರುವುದಿಲ್ಲ.

ಗಡಿಯಾರ ಯಾವಾಗ ಶುರುವಾಯಿತು?

ಫಾರ್ವರ್ಡ್‌ಗಳಲ್ಲಿ '0-100' ಎಂದು ಬರೆದಿರುವುದು ಅನೇಕ ಸಲ ಅಮೆರಿಕದ '0-60' ಅಂಕಿ. 60 ಮೈಲಿ ಎಂದರೆ 96.6 ಕಿ.ಮೀ. ಉಳಿದ 3.4 ಕಿ.ಮೀ. ವೇಗಕ್ಕೆ ಇನ್ನಷ್ಟು ಸಮಯ ಬೇಕು.

ಇನ್ನೊಂದು ಗುಟ್ಟು ಇದೆ. ಅಮೆರಿಕದ ಡ್ರ್ಯಾಗ್ ಓಟದಲ್ಲಿ ಕಾರು ಸುಮಾರು ಒಂದು ಅಡಿ ಮುಂದೆ ಸರಿದ ಮೇಲೆ ಬೆಳಕಿನ ಕಿರಣ ತಪ್ಪಿ ಗಡಿಯಾರ ಓಡಲು ಶುರುವಾಗುತ್ತದೆ. ಇದನ್ನು ರೋಲ್‌ಔಟ್ ಎನ್ನುತ್ತಾರೆ. ಅಲ್ಲಿನ ಹಲವು ಪತ್ರಿಕೆಗಳು, ಕಂಪನಿಗಳು 0-60 ಸಮಯ ಹೇಳುವಾಗಲೂ ಈ ಮೊದಲ ಅಡಿಯನ್ನು ಬಿಟ್ಟುಬಿಡುತ್ತವೆ. ಮೇಲಿನ ನಮ್ಮ ಲೆಕ್ಕದ ಪ್ರಕಾರ ಆ ಒಂದು ಅಡಿ ದಾಟಲು ಸುಮಾರು 0.3 ಸೆಕೆಂಡು ಬೇಕು. ಗಡಿಯಾರ ಶುರುವಾಗುವಾಗ ಕಾರು ಆಗಲೇ ಗಂಟೆಗೆ 7 ಕಿ.ಮೀ. ವೇಗದಲ್ಲಿರುತ್ತದೆ. ಅಂದರೆ ಅದು ಸೊನ್ನೆಯಿಂದ ಅರವತ್ತಲ್ಲ.

0.7 ಪಟ್ಟು ಗುರುತ್ವದ ಲೆಕ್ಕದಲ್ಲಿ ನಿಜವಾದ 0-60ಕ್ಕೆ ಸುಮಾರು 3.9 ಸೆಕೆಂಡು ಬೇಕು. ರೋಲ್‌ಔಟ್ ಕಳೆದರೆ 3.6. ಇನ್ನೂ ಚೆನ್ನಾಗಿ ಹಿಡಿಯುವ ನೆಲ ಸಿಕ್ಕರೆ ಕಂಪನಿಗಳು ಹೇಳುವ 3.3, 3.4ರ ಹತ್ತಿರ ಬರುತ್ತದೆ. ಎರಡು ಕಾರುಗಳ ನಡುವಿನ 0.1 ಸೆಕೆಂಡಿನ ಅಂತರಕ್ಕಿಂತ ಅಳತೆಯ ರೀತಿಯಿಂದ ಬರುವ ಅಂತರವೇ ಮೂರು ಪಟ್ಟು ದೊಡ್ಡದು. ಈ 0.1ರ ಮೇಲೆ ಬಾಜಿ ಕಟ್ಟುವುದರಲ್ಲಿ ಅರ್ಥವಿಲ್ಲ.

ನೇರ ಓಟದಾಚೆ

ಡ್ರ್ಯಾಗ್ ಓಟ ಎಂದರೆ ಕಾಲು ಮೈಲಿ, ಅಂದರೆ 402 ಮೀಟರ್, ನೇರ ದಾರಿ. ಅದನ್ನು ರೆಡ್‌ಐ 10.8 ಸೆಕೆಂಡಿನಲ್ಲಿ ಮುಗಿಸುತ್ತದೆ ಎಂದು ಡಾಡ್ಜ್ ಹೇಳಿದರೆ, ತಮ್ಮ ಕಾರು 11 ಸೆಕೆಂಡಿನೊಳಗೆ ಮುಗಿಸುತ್ತದೆ ಎಂದು ಫೋರ್ಡ್ ಹೇಳಿತು. ಇಲ್ಲೂ ಹೆಚ್ಚುಕಡಿಮೆ ಸಮ.

ಗೇರ್‌ಬಾಕ್ಸಿನಲ್ಲಿ ಎರಡರ ದಾರಿ ಬೇರೆ. ಜಿಟಿ500ಗೆ ಏಳು ಗೇರುಗಳ ಡ್ಯುಯಲ್ ಕ್ಲಚ್ ಇದೆ. ಒಂದು ಗೇರು ಓಡುತ್ತಿರುವಾಗ ಮುಂದಿನದು ಸಿದ್ಧವಾಗಿ ಕಾದಿರುತ್ತದೆ. ಬದಲಾವಣೆಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ರೆಡ್‌ಐಗೆ ಎಂಟು ಗೇರುಗಳ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಇದರಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರಿಗೆ ದಾಟುತ್ತದೆ. ಹೊರಡುವಾಗ ಇದು ನಯವಾಗಿರುತ್ತದೆ, ಟಾರ್ಕನ್ನು ಹೆಚ್ಚಿಸಿಯೂ ಕೊಡುತ್ತದೆ.

ಗರಿಷ್ಠ ವೇಗದಲ್ಲಿ ಡಾಡ್ಜ್ ಸ್ಪಷ್ಟವಾಗಿ ಮುಂದೆ: ಕಂಪನಿಯ ಪ್ರಕಾರ ಗಂಟೆಗೆ 203 ಮೈಲಿ, ಅಂದರೆ ಸುಮಾರು 327 ಕಿ.ಮೀ. ಜಿಟಿ500 ವೇಗವನ್ನು ಫೋರ್ಡ್ ತಾನಾಗಿಯೇ 180 ಮೈಲಿಗೆ, ಸುಮಾರು 290 ಕಿ.ಮೀ.ಗೆ ಕಟ್ಟಿಹಾಕಿದೆ. ಆದರೆ ತಿರುವುಗಳಿರುವ ರೇಸ್ ಟ್ರ್ಯಾಕಿನಲ್ಲಿ ಜಿಟಿ500 ಮೇಲುಗೈ ಪಡೆಯುತ್ತದೆ. ಅದು ಹಗುರ, ಅದರ ಮುಂದಿನ ಬ್ರೇಕ್ ಡಿಸ್ಕುಗಳು 420 ಮಿಲಿಮೀಟರ್ ಅಗಲ, ರಸ್ತೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಬಿಗಿಯಾಗುವ ಸಡಿಲವಾಗುವ ಶಾಕ್ ಅಬ್ಸಾರ್ಬರುಗಳು ಅದಕ್ಕಿವೆ. "ಮಸಲ್ ಕಾರುಗಳು ನೇರ ಹೋಗಲಷ್ಟೇ ಲಾಯಕ್ಕು" ಎಂಬ ಹಳೆಯ ಮಾತು ಜಿಟಿ500 ವಿಷಯದಲ್ಲಿ ಸುಳ್ಳು.

ಖರ್ಚಿನಲ್ಲಿ ಎರಡೂ ದುಬಾರಿಯೇ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಅಂದಾಜಿನಂತೆ ನಗರ ಮತ್ತು ಹೆದ್ದಾರಿ ಸೇರಿಸಿ ಜಿಟಿ500 ಲೀಟರಿಗೆ ಸುಮಾರು 6 ಕಿ.ಮೀ. ಕೊಡುತ್ತದೆ, ರೆಡ್‌ಐ 7ಕ್ಕಿಂತ ಸ್ವಲ್ಪ ಕಡಿಮೆ. ಹೆಚ್ಚು ಇಂಧನ ಕುಡಿಯುವ ಕಾರುಗಳಿಗೆ ಅಲ್ಲಿ ಪ್ರತ್ಯೇಕ ತೆರಿಗೆಯೂ ಇದೆ. ಎರಡಕ್ಕೂ ಅದು ಬೀಳುತ್ತಿತ್ತು. 2020ರಲ್ಲಿ ಎರಡರ ಆರಂಭಿಕ ಬೆಲೆಯೂ 70ರಿಂದ 80 ಸಾವಿರ ಡಾಲರ್ ಆಸುಪಾಸಿನಲ್ಲಿತ್ತು.

ಫಾರ್ವರ್ಡ್‌ಗಳಲ್ಲಿ ಬರುವ ಕೆಲವು ಮಾತುಗಳು

"ಅತಿ ವೇಗ ಎಂದು ಅಮೆರಿಕ ಸರ್ಕಾರ ಈ ಕಾರನ್ನೇ ಬ್ಯಾನ್ ಮಾಡಿತು!"

ಇದು ಚಾಲೆಂಜರ್‌ನ ಇನ್ನೊಂದು ರೂಪವಾದ 2018ರ ಡೀಮನ್ ಬಗ್ಗೆ ಹರಿದಾಡುವ ಮಾತು. ರೇಸ್ ಇಂಧನ ಹಾಕಿದರೆ 840 ಎಚ್‌ಪಿ ಕೊಡುತ್ತಿದ್ದ ಇದು ಕಾಲು ಮೈಲಿಯನ್ನು 9.65 ಸೆಕೆಂಡಿನಲ್ಲಿ ಓಡಿತು. ಹೊರಡುವಾಗ ಮುಂದಿನ ಚಕ್ರಗಳೇ ನೆಲ ಬಿಡುತ್ತಿದ್ದವು. ಡ್ರ್ಯಾಗ್ ಓಟ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ನಿಯಮದಂತೆ ಅಷ್ಟು ಬೇಗ ಓಡುವ ಕಾರಿಗೆ ಒಳಗೆ ಕಬ್ಬಿಣದ ರಕ್ಷಣಾ ಪಂಜರ ಇರಬೇಕು. ಕಾರ್ಖಾನೆಯಿಂದ ಬಂದ ಡೀಮನ್‌ಗೆ ಅದು ಇರಲಿಲ್ಲ. ಹಾಗಾಗಿ ಆ ಸಂಸ್ಥೆಯ ಓಟಗಳಲ್ಲಿ ಅದಕ್ಕೆ ಅವಕಾಶ ಸಿಗಲಿಲ್ಲ. ಸರ್ಕಾರದ ನಿಷೇಧ ಇರಲಿಲ್ಲ. ರಸ್ತೆಯಲ್ಲಿ ಓಡಿಸಲು ಅದು ಕಾನೂನುಬದ್ಧ ಕಾರೇ.

"1,025 ಎಚ್‌ಪಿ, ಸಾಮಾನ್ಯ ಪೆಟ್ರೋಲಿನಲ್ಲೇ!"

2023ರ ಡೀಮನ್ 170 ಕಾರಿಗೆ 1,025 ಎಚ್‌ಪಿ ಬರುವುದು ಇ85 ಹಾಕಿದಾಗ. ಅದರಲ್ಲಿ ಶೇ 85ರವರೆಗೆ ಎಥನಾಲ್ ಇರುತ್ತದೆ. ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲಿ ಅದೇ ಕಾರು ಕೊಡುವುದು 900 ಎಚ್‌ಪಿ. ಎಥನಾಲ್ ಒಳಹೋಗುವ ಗಾಳಿಯನ್ನು ತಂಪು ಮಾಡುತ್ತದೆ, ಹೆಚ್ಚು ಒತ್ತಡದಲ್ಲೂ ಅಕಾಲದಲ್ಲಿ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಗಾಳಿಯನ್ನು ಇನ್ನಷ್ಟು ಒತ್ತಿ ತುಂಬಬಹುದು. ಹಾಗೆಂದು ನಿಮ್ಮ ಕಾರಿಗೆ ಹೆಚ್ಚು ಎಥನಾಲ್ ಹಾಕಿದರೆ ಶಕ್ತಿ ಹೆಚ್ಚುವುದಿಲ್ಲ. ಅದಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಮಾತ್ರ ಈ ಲಾಭ.

"ಅಮೆರಿಕದಲ್ಲಿ ಈ ಕಾರಿಗೆ 91 ಆಕ್ಟೇನ್ ಸಾಕು, ನಮ್ಮ ಪೆಟ್ರೋಲೂ 91 ಆಗಿತ್ತಲ್ಲವೇ?"

ಎರಡೂ 91 ಒಂದೇ ಅಲ್ಲ. ನಮ್ಮಲ್ಲಿ ಹೇಳುವುದು ಆರ್‌ಒಎನ್ ಎಂಬ ಅಳತೆ. ಅಮೆರಿಕದ ಬಂಕಿನಲ್ಲಿ ಬರೆಯುವುದು ಎರಡು ಬೇರೆ ಅಳತೆಗಳ ಸರಾಸರಿ. ಅಲ್ಲಿನ 91 ನಮ್ಮ ಲೆಕ್ಕದಲ್ಲಿ ಸುಮಾರು 95ರಿಂದ 96 ಆಗುತ್ತದೆ. 2016ರಲ್ಲಿ ಫೋರ್ಡ್ ಭಾರತಕ್ಕೆ ತಂದ ಮಸ್ಟಾಂಗ್ ಜಿಟಿ, ದೆಹಲಿಯ ಶೋರೂಮಿನಲ್ಲಿ ಸುಮಾರು 65 ಲಕ್ಷ ರೂಪಾಯಿಯದು, ಇಲ್ಲಿ 400 ಎಚ್‌ಪಿಗಿಂತ ತುಸು ಕಡಿಮೆ ಕೊಡುತ್ತಿತ್ತು. ಅಮೆರಿಕದಲ್ಲಿ ಅದೇ ಮಾದರಿಗೆ 435 ಎಚ್‌ಪಿ. ಒಂದೇ ಹೆಸರಿನ ಕಾರಿನ ಅಂಕಿ ದೇಶದಿಂದ ದೇಶಕ್ಕೆ ಬದಲಾಗಬಹುದು. ಅಂದಹಾಗೆ, ಜಿಟಿ500 ಮತ್ತು ಚಾಲೆಂಜರ್ ಎರಡೂ ಎಡಬದಿಯ ಸ್ಟಿಯರಿಂಗ್‌ನವು. ಕಂಪನಿಗಳು ಅವನ್ನು ಭಾರತದಲ್ಲಿ ಮಾರಲಿಲ್ಲ.

"1970ರ ಕಾರಿಗೇ 425 ಎಚ್‌ಪಿ ಇತ್ತು, ಐವತ್ತು ವರ್ಷದಲ್ಲಿ ಏನು ಮಹಾ ಸಾಧಿಸಿದರು?"

1971ರವರೆಗೆ ಅಮೆರಿಕದ ಕಂಪನಿಗಳು ಸೈಲೆನ್ಸರ್, ಆಲ್ಟರ್ನೇಟರ್ ಮುಂತಾದ ಹೊರೆಗಳಿಲ್ಲದೆ ಬರೀ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆದ ಅಂಕಿಯನ್ನು ಹೇಳುತ್ತಿದ್ದವು. 1972ರಿಂದ ಆ ಹೊರೆಗಳನ್ನೆಲ್ಲ ಸೇರಿಸಿ ಅಳೆಯುವ ಪದ್ಧತಿ ಬಂತು. ಹಳೆಯ 425 ಮತ್ತು ಇಂದಿನ 425 ಬೇರೆ ಬೇರೆ ತಕ್ಕಡಿಯ ತೂಕಗಳು.

"ಇವು ಅಪ್ಪಟ ಅಮೆರಿಕನ್ ಕಾರುಗಳು"

ಜಿಟಿ500 ತಯಾರಾದದ್ದು ಮಿಷಿಗನ್ ರಾಜ್ಯದ ಫ್ಲಾಟ್ ರಾಕ್‌ನಲ್ಲಿ. ಚಾಲೆಂಜರ್ ತಯಾರಾಗುತ್ತಿದ್ದುದು ಕೆನಡಾದ ಬ್ರಾಂಪ್ಟನ್‌ನಲ್ಲಿ!

ನಗು ಬಿಟ್ಟು ನೋಡಬೇಕಾದ ಅಂಕಿ

ಈ ಕಾರುಗಳ ಬಗ್ಗೆ ಫಾರ್ವರ್ಡ್ ಆಗದ ಒಂದು ಸಂಗತಿ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯಾದ ಐಐಎಚ್‌ಎಸ್, ಯಾವ ಮಾದರಿಯ ಕಾರಿನಲ್ಲಿ ಎಷ್ಟು ಚಾಲಕರು ಸಾಯುತ್ತಾರೆ ಎಂಬ ಲೆಕ್ಕವನ್ನು ಆಗಾಗ ಪ್ರಕಟಿಸುತ್ತದೆ. 2023ರ ಅದರ ವರದಿಯಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿದ್ದ ಕಾರುಗಳ ಸಾಲಿನಲ್ಲಿ ಚಾಲೆಂಜರ್, ಚಾರ್ಜರ್, ಕಮಾರೊ, ಮಸ್ಟಾಂಗ್‌ಗಳ ಹಲವು ಮಾದರಿಗಳಿದ್ದವು. ಇವುಗಳಲ್ಲಿ ಏರ್‌ಬ್ಯಾಗು, ಎಬಿಎಸ್, ಜಾರುವಿಕೆ ತಡೆಯುವ ವ್ಯವಸ್ಥೆ ಎಲ್ಲವೂ ಇವೆ. ಹೀಗಾಗಿ ಕಾರು ಹೇಗೆ ಓಡಿಸಲ್ಪಡುತ್ತದೆ ಎಂಬುದರ ಕಡೆಗೇ ಈ ಅಂಕಿ ಬೊಟ್ಟು ಮಾಡುತ್ತದೆ.

ವಿಜ್ಞಾನ ಸರಳ. ಟೈರಿನ ಹಿಡಿತ ಒಂದೇ ಪರ್ಸಿನಲ್ಲಿರುವ ಹಣದಂತೆ. ಮುಂದೆ ನುಗ್ಗಲು, ತಿರುಗಲು, ನಿಲ್ಲಲು ಮೂರಕ್ಕೂ ಅದರಿಂದಲೇ ಖರ್ಚಾಗಬೇಕು. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿತವನ್ನೆಲ್ಲ ನುಗ್ಗಲು ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಹಿಂಭಾಗ ಪಕ್ಕಕ್ಕೆ ಎರಚಿಕೊಂಡು ಹೋಗುತ್ತದೆ. ಪಾರ್ಕಿಂಗಿನಿಂದ ಹೊರಬರುತ್ತಾ ಜನರ ಕಡೆಗೆ ಜಾರುವ ಮಸ್ಟಾಂಗ್ ವಿಡಿಯೊಗಳಲ್ಲಿ ನಡೆಯುವುದು ಇದೇ.

ಇನ್ನು ಡಿಕ್ಕಿ. ಗಂಟೆಗೆ 100 ಕಿ.ಮೀ. ವೇಗದ ಡಿಕ್ಕಿ ಸುಮಾರು 39 ಮೀಟರ್ ಎತ್ತರದಿಂದ, ಅಂದರೆ 13 ಅಂತಸ್ತಿನ ಕಟ್ಟಡದ ಮೇಲಿಂದ ಬಿದ್ದಂತೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. 200ರ ವೇಗಕ್ಕೆ ಆ ಎತ್ತರ ಸುಮಾರು 157 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ, 100ರ ವೇಗದಲ್ಲಿ ಬ್ರೇಕ್ ಹಿಡಿಯುವ ಮೊದಲೇ ಕಾರು 42 ಮೀಟರ್ ಹೋಗಿರುತ್ತದೆ. ಈ ಲೆಕ್ಕಕ್ಕೆ ಜಿಟಿ500 ಬೇಕಿಲ್ಲ. ನಮ್ಮ ಮನೆಯ ಸಣ್ಣ ಕಾರು, ಮಗ ಓಡಿಸುವ ಬೈಕು ಎಲ್ಲಕ್ಕೂ ಇದು ಒಂದೇ. ಡ್ರ್ಯಾಗ್ ವಿಡಿಯೊದಲ್ಲಿ ಕಾಣುವುದು ಮುಚ್ಚಿದ ಟ್ರ್ಯಾಕು, ತಡೆಗೋಡೆ, ಹೆಲ್ಮೆಟ್ಟು, ಕಾದು ನಿಂತ ಆಂಬುಲೆನ್ಸು. ಊರಿನ ರಿಂಗ್ ರಸ್ತೆಯಲ್ಲಿ ಇವು ಯಾವುವೂ ಇರುವುದಿಲ್ಲ. ನಾಯಿ, ದನ, ದಾರಿಹೋಕರು ಇರುತ್ತಾರೆ.

ಹಾಗಾದರೆ ಯಾವುದು ಮೇಲು?

ತಿರುವುಗಳ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಜಿಟಿ500. ನೇರ ದಾರಿಯ ಓಟ, ದೊಡ್ಡ ಸೀಟು, ಐವರ ಸಂಸಾರ, ಗಂಭೀರವಾದ ಸದ್ದು ಬೇಕಾದವರಿಗೆ ಚಾಲೆಂಜರ್. ನಿಂತಲ್ಲಿಂದ ನೂರರವರೆಗಿನ ಓಟದಲ್ಲಿ ಎರಡೂ ಸಮ. ಅಂದು ಯಾರ ಟೈರು ಬಿಸಿಯಾಗಿತ್ತೋ ಅವರು ಗೆಲ್ಲುತ್ತಾರೆ. ಹೊಸದಾಗಿ ಕೊಳ್ಳುವ ಮಾತಂತೂ ಮುಗಿದಿದೆ. ಆ ಜಿಟಿ500 2022ರ ಮಾದರಿಗೇ ನಿಂತಿತು, ಚಾಲೆಂಜರ್ ತಯಾರಿ 2023ರ ಡಿಸೆಂಬರ್‌ನಲ್ಲಿ ಕೊನೆಯಾಯಿತು. ಡಾಡ್ಜ್ ಈಗ ಎಲೆಕ್ಟ್ರಿಕ್ ಚಾರ್ಜರ್ ತಂದಿದೆ, ಅದರಲ್ಲಿ ಎಂಜಿನ್ನಿನಂಥ ಸದ್ದನ್ನು ಕೃತಕವಾಗಿ ಹೊರಡಿಸುತ್ತಾರೆ. ವಿ8 ಮಸ್ಟಾಂಗ್ ಮಾತ್ರ ಹೊಸ ರೂಪದಲ್ಲಿ ಮುಂದುವರಿದಿದೆ.

ಮುಂದಿನ ಸಲ ಇಂಥ ವಿಡಿಯೊ ಬಂದರೆ ಫಾರ್ವರ್ಡ್ ಒತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಚ್‌ಪಿ ಹೇಳಿದವರು ತೂಕ ಹೇಳಿದ್ದಾರೆಯೇ? ಟೈರು ಮತ್ತು ನೆಲ ಎಂಥದು? ವೇಗ ಮೈಲಿಯಲ್ಲೋ ಕಿಲೋಮೀಟರಿನಲ್ಲೋ, ಗಡಿಯಾರ ಶುರುವಾದದ್ದು ಎಲ್ಲಿಂದ? ಓಟ ನಡೆದದ್ದು ಟ್ರ್ಯಾಕಿನಲ್ಲೋ ಜನ ಓಡಾಡುವ ರಸ್ತೆಯಲ್ಲೋ? ಕೊನೆಯ ಪ್ರಶ್ನೆಗೆ ಉತ್ತರ 'ರಸ್ತೆಯಲ್ಲಿ' ಎಂದಾದರೆ, ಅದನ್ನು ಯಾರಿಗೂ ಕಳಿಸಬೇಡಿ. ಮನೆಯಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರಿದ್ದರೆ, ಅವರಿಗೆ ಆ 13 ಅಂತಸ್ತಿನ ಲೆಕ್ಕವನ್ನು ಕಳಿಸಿ.